ಕುರ್ಚಿ ಏರಿದ ಪತ್ತಾರ

ನೆಟ್ಟಗಿನ ಬೆನ್ನಿನ ಪತ್ತಾರನನ್ನು ನಾನು ಇದುವರೆಗೆ ಕಂಡಿಲ್ಲ. ಬಂಗಾರದ ಕೆಲಸ ಮಾಡುವವರ ಮನೆಯಲ್ಲಿ ಹುಟ್ಟಿದವರಿಗೆ ಹಿರಿಯರಿಂದ ಬರುವುದು ಬಂಗಾರವಲ್ಲ, ಬೆನ್ನುನೋವು. ನಮ್ಮಜ್ಜ ಕೂತರೂ ನಿಂತರೂ ಎತ್ತರದಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ಆಳಂದದ ಬಜಾರಿನಲ್ಲಿ ಅವನು ನಡೆದು ಹೊರಟರೆ ಪರವೂರಿನವರು, “ಯಜ್ಜಾ, ಏನ್ ಕಳಕೊಂಡ್ರಿ?” ಎಂದು ತಾವೂ ಬಗ್ಗಿ ಹುಡುಕಲು ನಿಲ್ಲುತ್ತಿದ್ದರಂತೆ. ಅಪ್ಪ ಇನ್ನೂ ಅಷ್ಟು ಬಗ್ಗಿಲ್ಲ, ಆದರೆ ಅರ್ಧ ದಾರಿಯಲ್ಲಿದ್ದಾನೆ. ನನಗೆ ಇಪ್ಪತ್ತಾರು. ಒಂದು ದಿನ ಅಂಗಡಿಯ ಕನ್ನಡಿಯಲ್ಲಿ ಓರೆಯಾಗಿ ನನ್ನನ್ನು ನೋಡಿಕೊಂಡಾಗ ಅಜ್ಜ ಕಂಡ. ಇನ್ನು ನೆಲದ ಮೇಲೆ ಕೂರುವುದಿಲ್ಲ, ಅಂಗಡಿಯಲ್ಲೇ ಆರಾಮವಾಗಿ ಕೂತು ಕೆಲಸ ಮಾಡುವ ಸ್ಟುಡಿಯೋ ಮಾಡುತ್ತೇನೆ ಎಂದು ಅವತ್ತೇ ತೀರ್ಮಾನಿಸಿದೆ. ಅವತ್ತಿನಿಂದ ನಾನು ಆರಾಮವಾಗಿ ಕೂತಿಲ್ಲ, ಆ ಮಾತು ಬೇರೆ.

ಫೋನಿನಲ್ಲಿ ನೋಡಿ ನೋಡಿ ಎಲ್ಲ ಕಲಿತೆ. ಎದೆಯ ಮಟ್ಟಕ್ಕೆ ಬರುವ ಮೇಜು, ಎಡಗಡೆಯಿಂದ ಬೀಳುವ ದೀಪ, ಹೊಗೆ ಎಳೆಯುವ ಫ್ಯಾನು, ಬಿಳಿ ಟೈಲ್ಸು. ಕಲಬುರಗಿಯಲ್ಲಿ ಮುಚ್ಚಿಹೋದ ಯಾವುದೋ ಆಫೀಸಿನ ತಿರುಗುವ ಕುರ್ಚಿಯೊಂದನ್ನು ಬಸ್ಸಿನಲ್ಲಿ ತಂದೆ. ದಾರಿಯುದ್ದಕ್ಕೂ ಅದರ ಮೇಲೆ ಬೇರೆ ಯಾರೋ ಕೂತಿದ್ದರು, ನಾನು ನಿಂತಿದ್ದೆ. ಗೋಡೆಗೆ ಹಲಗೆ ಬಡಿದು, ಅದರ ಮೇಲೆ ಒಂದೊಂದು ಸಾಮಾನಿನ ಆಕಾರವನ್ನೂ ಪೆನ್ಸಿಲಿನಲ್ಲಿ ಬರೆದೆ, ಯಾವುದು ಜಾಗದಲ್ಲಿಲ್ಲ ಎಂಬುದು ಒಂದೇ ನೋಟಕ್ಕೆ ತಿಳಿಯಲಿ ಎಂದು. ಮರುದಿನ ನೋಡಿದರೆ ಇಕ್ಕಳದ ಜಾಗದಲ್ಲಿ ಅಪ್ಪನ ಟೋಪಿ ತೂಗುತ್ತಿತ್ತು. ಹೊರಗೆ ಸ್ಟುಡಿಯೋ ಎಂದು ಬೋರ್ಡು ಹಾಕಿದ ಮೇಲೆ ಮೊದಲು ಬಂದವರು, “ಪಾಸ್‌ಪೋರ್ಟ್ ಸೈಜ್ ಜಲ್ದಿ ಸಿಗ್ತಾವೇನ್ರಿ?” ಎಂದು ಕೇಳಿದರು. ಇಷ್ಟೆಲ್ಲ ಆದಮೇಲೆ ನನ್ನ ವೇಷವೂ ಬದಲಾಗಬೇಕಲ್ಲ? ಜೀನ್ಸ್ ಪ್ಯಾಂಟಿನ ತುದಿಯನ್ನು ಈಗಿನ ಫ್ಯಾಷನ್ನಿನಂತೆ ಎರಡು ಸುತ್ತು ಮೇಲಕ್ಕೆ ಮಡಚಿ ಕುರ್ಚಿ ಏರಿದೆ.

ಅಪ್ಪ ಬಾಗಿಲಲ್ಲಿ ನಿಂತು ನೋಡಿದ. “ಕುರ್ಚಿ ಮ್ಯಾಲ ಕೂಡವ್ರು ತಹಶೀಲ್ದಾರ್ರು. ನೆಲದ ಮ್ಯಾಲ ಕುಂತ್ರ ಬಿದ್ದದ್ದು ಧೋತರದಾಗ ಬೀಳ್ತದ. ಇಲ್ಲಿ ಬಿದ್ರ ಎಲ್ಲಿಗಿ ಹೋಗ್ತದ?”

“ಬೀಳೂದೇ ಇಲ್ಲಪ್ಪಾ.”

“ಹಂಗಂದ್ರ ಕೇಳು. ಮಂದೀ ಬಂಗಾರ ಒಂದು ಚೂರು ಕಳದ್ರೂ ನಿನ್ನ ಮೇಜು ಕುರ್ಚಿ ಹೊರಗ. ನಿಮ್ಮಜ್ಜನ ಕಾಲದಿಂದ ಒಬ್ರೂ ಈ ಅಂಗಡಿಗಿ ಬಂದು ‘ನಂದೆಲ್ಲಿ’ ಅಂದಿಲ್ಲ.”

ಅಪ್ಪನ ಅಂಗಡಿಯಲ್ಲಿ ಎರಡು ಕಾಯಿದೆಗಳು. ಕೈಯಿಂದ ಏನಾದರೂ ಜಾರಿತೋ, “ಅಲುಗ್ಯಾಡಬ್ಯಾಡ್ರಿ!” ಎಂದು ಒಂದು ಕೂಗು. ಸಿಗುವ ತನಕ ಗಿರಾಕಿಯೂ ಕಲ್ಲಾಗಬೇಕು. ಇನ್ನೊಂದು, ಎದ್ದು ಹೊರಗೆ ಹೊರಟವನು ಹೊಸ್ತಿಲಲ್ಲಿ ಹಿತ್ತಾಳೆಯ ತಾಟಿನ ಮೇಲೆ ಉಟ್ಟ ಬಟ್ಟೆಯನ್ನು ಝಾಡಿಸಿಯೇ ದಾಟಬೇಕು. ಅರದಿಂದ ಉಜ್ಜಿದ ಬಂಗಾರದ ಪುಡಿ ಬಟ್ಟೆಗೆ ಅಂಟಿರುತ್ತದೆ ಎಂದು. ಮನೆಗೆ ಬೆಂಕಿ ಬಿದ್ದರೂ ಅಪ್ಪ ಝಾಡಿಸಿಕೊಂಡೇ ಓಡುವವನು. ಧೋತರದ ಚುಂಗು ಹಿಡಿದು ಅವನು ಹಾರುವ ರೀತಿಯನ್ನು ನಾನು ಹೋಟೆಲಿನಲ್ಲಿ ಮಾಡಿ ತೋರಿಸಿದರೆ ಚಹಾ ಪುಕ್ಕಟೆ. ಹೊಸ ಸ್ಟುಡಿಯೋದಲ್ಲಿ ಝಾಡಿಸುವ ಕಾಯಿದೆಯನ್ನು ರದ್ದು ಮಾಡಿದೆ. ಕೂಗುವ ಕಾಯಿದೆಯನ್ನು ಮಾತ್ರ ತಮಾಷೆಗೆಂದು ಉಳಿಸಿಕೊಂಡೆ. ತೊಗರಿ ದಲ್ಲಾಳಿ ಮಲ್ಲಣ್ಣ ಸಾವ್ಕಾರ್ರು ದಿನಾ ಹರಟೆಗೆ ಬರುತ್ತಾರೆ. ಅವರು ಚಹಾದ ಕಪ್ಪನ್ನು ತುಟಿಗೆ ತಂದ ಗಳಿಗೆ ನೋಡಿ ಅಪ್ಪನ ದನಿಯಲ್ಲಿ ಕೂಗುತ್ತಿದ್ದೆ. ಪಾಪ, ಬಿಸಿ ಚಹಾ ಬಾಯಲ್ಲಿಟ್ಟುಕೊಂಡು ನುಂಗಲೂ ಹೆದರಿ ಕೂರುತ್ತಿದ್ದರು. ನಾಲ್ಕು ಸಲ ಹೀಗಾಯಿತು.

ಆಗ ಬಂದವಳು ಗೊಬ್ಬೂರದ ಶಾಂತವ್ವ. ಅವಳ ತಾಳಿಯ ಎರಡು ಬಂಗಾರದ ಗುಂಡುಗಳಲ್ಲಿ ಒಂದರ ಬಾಯಿ ಸವೆದು, ಪೋಣಿಸಿದ ದಾರವನ್ನೇ ಕೊಯ್ಯುತ್ತಿತ್ತು. ಕೊರಳಲ್ಲಿ ತಾಳಿಯ ಬದಲು ಅರಿಷಿಣ ಕೊಂಬು ಕಟ್ಟಿಕೊಂಡು ಎದುರಿಗೇ ಕೂತಳು. “ಮದುವ್ಯಾದ ಮ್ಯಾಲ ಇವತ್ತೇ ತಗದೀನಿ, ತಮ್ಮಾ. ನಿಮ್ಮಜ್ಜ ಮಾಡಿದ ಗುಂಡು, ಅದಕ್ಕ ಇಲ್ಲೀತನಕ ಬಂದೀನಿ. ಮನ್ಯಾಗ ಅವರಿಗಿ ಹೇಳಿಲ್ಲ. ಬರೀ ಕೊಂಬು ನೋಡಿದ್ರ ಎದಿ ಒಡಕೋತಾರ. ಸಂಜಿ ಬಸ್ಸಿಗಿ ಹಾಕ್ಕೊಂಡೇ ಹೋಗಬೇಕು.”

ಅಪ್ಪ ಊಟಕ್ಕೆ ಒಳಗೆ ಹೋಗಿದ್ದ. ಸಾವ್ಕಾರ್ರು ಸ್ಟೂಲಿನ ಮೇಲಿದ್ದರು. ಅಜ್ಜನ ಕೈಕೆಲಸ ನನ್ನ ಇಕ್ಕಳದಲ್ಲಿದೆ ಎಂದು ಕೈ ಮೊದಲೇ ಬೆವರಿತ್ತು. ಬಾಯಿಗೆ ಬೆಸುಗೆ ಹಾಕಿ, ಆರಿಸಿ, ಅರ ಹಚ್ಚಬೇಕು ಎನ್ನುವಷ್ಟರಲ್ಲಿ ಇಕ್ಕಳ ಜಾರಿತು. ಗುಂಡು ಹಾರಿತು. ಟೈಲ್ಸಿನ ಮೇಲೆ ಬಿದ್ದಿದ್ದರೆ ಸಪ್ಪಳವಾಗಬೇಕಿತ್ತು. ಆಗಲಿಲ್ಲ.

“ಅಲುಗ್ಯಾಡಬ್ಯಾಡ್ರಿ!” ಎಂದು ಚೀರಿದೆ.

ಶಾಂತವ್ವ ಸೆರಗು ಸರಿಪಡಿಸುತ್ತಿದ್ದ ಕೈಯನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿದಳು. ಸಾವ್ಕಾರ್ರು ಹೊಟ್ಟೆ ಕುಣಿಸಿ ನಕ್ಕರು. “ಲೇ ಮೋನ್ಯಾ, ಇದು ಐದನೇ ಸಲ. ಇವತ್ತಿಂದು ಭಾಳ ಛಲೋ ಆತು ನೋಡು, ಥೇಟ್ ನಿಮ್ಮಪ್ಪ!” ಎನ್ನುತ್ತ ಸ್ಟೂಲಿನ ಕೆಳಗಿನ ಚಪ್ಪಲಿ ಮೆಟ್ಟಿ, ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಟೈಲ್ಸನ್ನು ತುಳಿದು ಬಸ್ಸಿಗೆ ಹೊರಟೇ ಹೋದರು.

ಬಿಳಿ ಟೈಲ್ಸಿನ ಗುಣವೆಂದರೆ ಇರುವುದೆಲ್ಲ ಕಾಣುತ್ತದೆ. ಒಂದು ಇರುವೆ, ಒಂದು ಕೂದಲು, ಬೀಡಿಯ ಬೂದಿ ಎಲ್ಲ ಕಂಡವು. ಗುಂಡು ಕಾಣಲಿಲ್ಲ. ಕುರ್ಚಿಯನ್ನು ತಲೆಕೆಳಗು ಮಾಡಿದೆ, ಗಾಲಿ ಬಿಚ್ಚಿದೆ. ಶಾಂತವ್ವನ ಮುಖ ನೋಡಲು ಧೈರ್ಯ ಬರಲಿಲ್ಲ, ಕೊಂಬನ್ನಂತೂ ನೋಡಲೇ ಇಲ್ಲ. ಉಳಿದದ್ದು ಒಂದೇ ಜಾಗ, ಸಾವ್ಕಾರ್ರ ಚಪ್ಪಲಿಯ ತಳ! ಇಕ್ಕಳ ಕೈಯಲ್ಲಿ ಹಿಡಿದೇ ಬಸ್ ಸ್ಟ್ಯಾಂಡಿಗೆ ಓಡಿದೆ.

ಸಾವ್ಕಾರ್ರ ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲಿತ್ತು. “ಸಾವ್ಕಾರ್ರ, ಚಪ್ಪಲಿ ಬಿಚ್ಚರಿ!” ಎಂದೆ.

ಎಡಗಾಲಿನದನ್ನು ಕಿತ್ತುಕೊಂಡು ತಳ ಕೆದರಿದೆ. ಒಂದು ಹರಳುಕಲ್ಲು, ಅರ್ಧ ತೊಗರಿಬೇಳೆ. ಬಲಗಾಲಿನದರಲ್ಲಿ ಅದೂ ಇಲ್ಲ. ಕಿಟಕಿಯಲ್ಲಿದ್ದ ಮುದುಕಿ ಪಕ್ಕದವಳಿಗೆ, “ನೋಡಾಕ ದೊಡ್ಡ ಮನಷ್ಯಾ ಇದ್ದಂಗದಾನ. ಗುಡಿ ಮುಂದಿನ ಮಂದೀ ಚಪ್ಪಲಿ ಹಾಕ್ಕೊಂಡು ಬಂದಾನ ಕಾಣ್ತದ,” ಎಂದಳು. ಕಂಡಕ್ಟರು ಸೀಟಿ ಊದಲು ಮರೆತಿದ್ದ. ಬರಿಗಾಲಲ್ಲಿ ನಿಂತ ಸಾವ್ಕಾರ್ರು ಮೆಲ್ಲಗೆ ಕೇಳಿದರು, “ಖರೇನೇ ಬಿದ್ದಿತ್ತೇನಲೇ?”

ಮರಳಿ ಬಂದಾಗ, ನಡೆದದ್ದನ್ನೆಲ್ಲ ಕೇಳಿ ತಿಳಿದ ಅಪ್ಪ ಹೊಸ್ತಿಲಲ್ಲಿ ನಿಂತಿದ್ದ. ಶಾಂತವ್ವನ ಕೈ ಇನ್ನೂ ಗಾಳಿಯಲ್ಲೇ ಇತ್ತು. “ತಮ್ಮಾ, ಇನ್ನ ಕೈ ಇಳಸಲೇನು?” ಎಂದಳು. ಆ ಹೊತ್ತಿನಲ್ಲಿ ನಾನು ಅಳುವುದೊಂದು ಬಾಕಿ.

“ಅಲುಗ್ಯಾಡಬ್ಯಾಡ!” ಎಂದ ಅಪ್ಪ. ಎತ್ತಿದ ಕಾಲು ಎತ್ತಿದಂತೆಯೇ ನಿಂತೆ. ಅವನು ಹಳೆಯ ತಾಟು ತಂದು ನನ್ನ ಕಾಲ ಕೆಳಗಿಟ್ಟ. “ಝಾಡ್ಸು.”

“ಅಪ್ಪಾ, ಇದು ಪ್ಯಾಂಟು...”

“ಝಾಡ್ಸಂದೆ.”

ಎಡಗಾಲಿನ ಮಡಿಕೆ ಬಿಚ್ಚಿದೆ. ಬಸ್ ಸ್ಟ್ಯಾಂಡಿನ ಧೂಳು ಬಿತ್ತು. ಬಲಗಾಲಿನ ಮಡಿಕೆ ಬಿಚ್ಚಿದೆ. ಹರಿದ ಟಿಕೇಟಿನ ಚೂರು ಬಿತ್ತು. ಅದರ ಹಿಂದೆ, ಟಣ್ ಎಂದು, ಅಜ್ಜನ ಗುಂಡು. ಊರೆಲ್ಲ ತಿರುಗಾಡಿ ಬಂದಿತ್ತು, ನನ್ನದೇ ಕಾಲಲ್ಲಿ.

ಅಪ್ಪ ನೆಲದ ಮೇಲೆ ಕೂತು ಅದರ ಬಾಯಿ ನುಣುಪು ಮಾಡಿ ಪೋಣಿಸಿದ. ಶಾಂತವ್ವ ತಾಳಿಯನ್ನು ಕಣ್ಣಿಗೆ ಒತ್ತಿಕೊಂಡು ಕೊರಳಿಗೆ ಹಾಕಿಕೊಂಡಳು. ಹೋಗುವಾಗ, “ತಮ್ಮಾ, ಪ್ಯಾಂಟು ಕೆಳಗ ಬಿಡೋ. ಛಂದ ಕಾಣ್ತದ,” ಎಂದಳು. ಗುಂಡು ಕಳೆದಿಲ್ಲವಾದ್ದರಿಂದ ಕುರ್ಚಿ ಉಳಿಯಿತು. ಆದರೆ ಈಗ ಅಪ್ಪನ ಹಳೆಯ ಧೋತರದ ಒಂದು ಅಂಚು ಮೇಜಿಗೆ, ಇನ್ನೊಂದು ನನ್ನ ಸೊಂಟಕ್ಕೆ ಕಟ್ಟಿರುತ್ತದೆ, ಬಿದ್ದದ್ದು ಅದರಲ್ಲೇ ಬೀಳಲಿ ಎಂದು. ನೋಡಿದವರು ತೊಟ್ಟಿಲೋ ಎಂದು ಒಳಗೆ ಇಣುಕುತ್ತಾರೆ.

ಹೋಟೆಲಿಗೆ ಹೋದರೆ ಈಗ ಅಲ್ಲಿ ಬೇರೆ ಆಟ. ನಾನು ಒಳಗೆ ಕಾಲಿಟ್ಟ ಕೂಡಲೇ ಸಾವ್ಕಾರ್ರು ನನ್ನ ದನಿಯಲ್ಲಿ, “ಚಪ್ಪಲಿ ಬಿಚ್ಚರಿ!” ಎಂದು ಕೂಗುತ್ತಾರೆ, ಎಲ್ಲರೂ ಕಾಲು ಎತ್ತುತ್ತಾರೆ. ಇಷ್ಟು ದಿನ ಬೇರೆಯವರ ದನಿ ತೆಗೆದ ನಾನು ನನ್ನ ದನಿಯನ್ನು ಹೊರಗಿನಿಂದ ಕೇಳಿದ್ದು ಅದೇ ಮೊದಲು. ಥೇಟ್ ಅಪ್ಪನದೇ. ಚಹಾ ಮುಗಿಸಿ ಹೊರಟಾಗ ಹೋಟೆಲಿನ ಬಾಗಿಲಲ್ಲಿ ಎಲ್ಲರೂ ಯಾಕೋ ಮತ್ತೆ ಗೊಳ್ಳೆಂದು ನಕ್ಕರು. ಬಗ್ಗಿ ನೋಡಿದರೆ, ನಾನು ಪ್ಯಾಂಟು ಝಾಡಿಸುತ್ತಿದ್ದೆ.