ಇಪ್ಪತ್ತೆರಡೋ, ಮೂವತ್ತೆರಡೋ

ಅಂಜುಬುರುಕರಿಗೆ ಬೀಳುವ ಕನಸುಗಳೆಲ್ಲ ಶೂರರ ಕನಸುಗಳೇ. ಇದನ್ನು ನಾನು ಸ್ವಂತ ಅನುಭವದಿಂದ ಹೇಳುತ್ತಿದ್ದೇನೆ. ದೀಪಾವಳಿಯಲ್ಲಿ ಮಗಳು ಉಮಾ ಪಟಾಕಿಗೆ ಊದಿನಕಡ್ಡಿ ತಾಗಿಸುವ ಹೊತ್ತಿಗೆ ಸರಿಯಾಗಿ ನನಗೆ ಒಳಗಿನ ಕೋಣೆಯಲ್ಲಿ ಏನೋ ಹುಡುಕುವ ಕೆಲಸ ಬರುತ್ತದೆ. ಅದೇ ನಾನು ಸಿರುಗುಪ್ಪದಿಂದ ಹೊರಟ ಬಸ್ಸಿನ ಕಿಟಕಿಗೆ ತಲೆ ಆನಿಸಿದೆನೆಂದರೆ ಬೇರೆಯೇ ಮನುಷ್ಯ. ಹೊರಗೆ ಕಾಲುವೆಯ ನೀರು ಹೊಳೆಯುತ್ತ ಜೊತೆಗೇ ಬರುತ್ತದೆ, ಭತ್ತದ ಹಸಿರು ಮೆಲ್ಲಗೆ ಹಿಂದಕ್ಕೆ ಸರಿಯುತ್ತದೆ, ರೆಪ್ಪೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಕಳ್ಳರು ಬರುತ್ತಾರೆ. ನಾನು ನಿಧಾನವಾಗಿ, ಬಹಳ ನಿಧಾನವಾಗಿ, ಸೊಂಟದಿಂದ ರಿವಾಲ್ವರ್ ತೆಗೆಯುತ್ತೇನೆ. ಅಷ್ಟರಲ್ಲಿ ಕಂಡಕ್ಟರು ಭುಜ ಅಲುಗಿಸಿ, "ಬಳ್ಳಾರಿ ಬಂತ್ರೀ, ಇಳೀರಿ" ಅನ್ನುತ್ತಾನೆ.

ಇದು ಎಪ್ಪತ್ತರ ದಶಕದ ಮಾತು. ನಾನು ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತ, ಮನೆ ಬಳ್ಳಾರಿಯ ಪಾರ್ವತಿನಗರದಲ್ಲಿ. ಸಂತೆಯ ಮರುದಿನ ಗಿರಣಿಯ ಹಣವನ್ನು ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದು ಬಳ್ಳಾರಿಯ ಬ್ಯಾಂಕಿಗೆ ಕಟ್ಟುವುದು ನನ್ನ ಪಾಲಿನ ಕೆಲಸ. ನನ್ನ ಸಾಹುಕಾರರಿಗೆ ಒಂದು ದಿನ ಇದ್ದಕ್ಕಿದ್ದಂತೆ ನನ್ನ ಜೀವದ ಮೇಲೆ ಕಾಳಜಿ ಹುಟ್ಟಿತು. ಅಥವಾ ಚೀಲದ ಮೇಲೆ. ಅವರೇ ಓಡಾಡಿ ನನ್ನ ಹೆಸರಿನಲ್ಲಿ ರಿವಾಲ್ವರಿನ ಲೈಸೆನ್ಸು ಮಾಡಿಸಿದರು. "ದಸರಾದೊಳಗ ಆರಿಸಿ ಹೇಳಪಾ. ಆಯುಧಪೂಜಿಗೆ ಗಿರಣಿ ಯಂತ್ರದ ಮಗ್ಗಲದಾಗ ಇಟ್ಟು ಕುಂಕುಮ ಹಚ್ಚೂಣು. ರಿವಾಲ್ವರ್ ನಂದು, ಗುಂಡು ನಿಂದು" ಎಂದರು.

ಆರಿಸುವುದೆಂದರೆ ಬಹಳವೇನೂ ಇರಲಿಲ್ಲ. ದೊಡ್ಡ ಬೋರಿನವು, ಎಂದರೆ ನಳಿಗೆ ದಪ್ಪನೆಯವು, ಸರ್ಕಾರದವರಿಗೆ, ನಮ್ಮಂಥವರಿಗೆ ಇಪ್ಪತ್ತೆರಡು ಇಲ್ಲವೇ ಮೂವತ್ತೆರಡು ಬೋರು. ಇಪ್ಪತ್ತೆರಡರ ಗುಂಡು ಅಗ್ಗ, ಕೈಗೆ ಹಗುರ, ಸದ್ದೂ ಕಡಿಮೆ. ಆದರೆ ಕಳ್ಳನಿಗೆ ತಾಗಿದರೆ ಅವನು ನೋವಿಗಿಂತ ಹೆಚ್ಚಾಗಿ ಸಿಟ್ಟಿಗೇಳಬಹುದೆಂದು ಗಿರಣಿಯ ಹಮಾಲರ ಅಭಿಪ್ರಾಯ. ಮೂವತ್ತೆರಡು ಅಂದರೆ ಗಂಡಸಿನ ಮಾಲು. ಗುಂಡಿನ ಬೆಲೆಯೂ ಗಂಡಸಿನದೇ. ನನ್ನ ಸಂಬಳದಲ್ಲಿ ಕೊಂಡು ಗುರಿ ಕಲಿಯುವುದೆಂದರೆ ಮನೆಯವರು ಅನ್ನ ಬಿಡಬೇಕು. ಗುರಿ ಕಲಿಯದೆ ಇಟ್ಟುಕೊಂಡರೆ ಕಳ್ಳನಿಗಿಂತ ಪಕ್ಕದ ಸೀಟಿನವರಿಗೇ ಅಪಾಯ. ಈ ಚಿಂತೆಯಲ್ಲಿ ನಾನು ಕಚೇರಿಯ ಕಿಟಕಿಯಾಚೆ ಅಕ್ಕಿಯ ಧೂಳು ಬಿಸಿಲಿನಲ್ಲಿ ತೇಲುವುದನ್ನು ನೋಡುತ್ತ ಕೂತುಬಿಡುತ್ತಿದ್ದೆ. ಆ ಹೊಂಬಣ್ಣದ ಧೂಳಿನಲ್ಲಿ ನನಗೆ ನಾನೇ ಕಾಣುತ್ತಿದ್ದೆ, ಮೀಸೆಯೊಂದಿಗೆ. ನನಗೆ ಆಗಲೂ ಮೀಸೆ ಇರಲಿಲ್ಲ.

ಮನೆಯಲ್ಲಿ ಗಂಗಾ, ಎಂದರೆ ನನ್ನ ಹೆಂಡತಿ, ಎಲ್ಲವನ್ನೂ ಕೇಳಿಸಿಕೊಂಡಳು. ರೊಟ್ಟಿ ಬಡಿಯುವುದನ್ನು ಮಾತ್ರ ನಿಲ್ಲಿಸಲಿಲ್ಲ, ಕೈಯ ಹಸಿರು ಬಳೆಗಳ ಸದ್ದೂ ನಿಲ್ಲಲಿಲ್ಲ.

"ನಮ್ಮ ಮನಿ ಗೋಡಿ ಯಾತರದ್ದು?" ಎಂದಳು.

"ಕಲ್ಲಿಂದು."

"ಮ್ಯಾಲೆ?"

"ಚಪ್ಪಡಿ ಬಂಡಿ."

"ಕೆಳಗೂ ಬಂಡಿನೇ. ಇದರಾಗ ಒಂದು ಗುಂಡು ಹಾರಿದ್ರ ಎಷ್ಟು ಸರ್ತಿ ತಿರುಗಿ ಬರತೈತಿ? ಉಮಾ ಕಂಡ ಡಬ್ಬಿ ಎಲ್ಲಾ ತೆಗಿಯಾಕಿ. ಬೆಲ್ಲ ಎಲ್ಲಿ ಮುಚ್ಚಿಟ್ರೂ ಹುಡುಕ್ಯಾಳ. ನಿಮ್ಮ ಇಪ್ಪತ್ತೆರಡು, ಮೂವತ್ತೆರಡು ಎಲ್ಲಿ ಮುಚ್ಚಿಡ್ತೀರಿ ಹೇಳ್ರಿ. ಅದು ಈ ಮನಿಗೆ ಬಂದ್ರ ನಾನು ಮಗಳನ್ನ ಕರಕೊಂಡು ದೇಶನೂರಿಗೆ ಹೋಗಾಕಿ."

ದೇಶನೂರು ಅವಳ ತವರು. ಅವಳು ಸುಮ್ಮನೆ ಹೆದರಿಸುವವಳಲ್ಲ. ಒಮ್ಮೆ ಹೇಳಿದರೆ ಟ್ರಂಕು ಕಟ್ಟಿದಂತೆಯೇ. ಅತ್ತ ಬೇಡವೆಂದರೆ ಸಾಹುಕಾರರ ಮುಂದೆ, ಹಮಾಲರ ಮುಂದೆ, ಮುಖ್ಯವಾಗಿ ಬಸ್ಸಿನ ಕನಸಿನ ಮುಂದೆ ನನ್ನ ಮಾನ ಹೋಗುತ್ತಿತ್ತು. ಕೊನೆಗೆ ನನ್ನ ಸೋದರಮಾವನನ್ನು ಕೇಳೋಣವೆಂದು ಮೂವರೂ ಕುರುಗೋಡಿಗೆ ಹೋದೆವು. ಮಾವ ಪಲ್ಟನ್ನಿನಲ್ಲಿ ಹವಾಲ್ದಾರರಾಗಿದ್ದವರು, ಈಗಲೂ ಮೂವತ್ತೆರಡು ಇಟ್ಟುಕೊಂಡಿದ್ದವರು.

ಉಮಾಳನ್ನು ಅತ್ತೆಯ ಹತ್ತಿರ ಬಿಟ್ಟು, ಮಾವ ನಮ್ಮನ್ನು ಗುಡ್ಡದ ಹಿಂದೆ ಕರೆದುಕೊಂಡು ಹೋದರು. ಬಂಡೆಗಳು ಬಿಸಿಲು ಕುಡಿದು ಮಲಗಿದ್ದವು. ಮಣ್ಣಿನ ದಿಬ್ಬದ ಮುಂದೆ ತೆಂಗಿನ ಚಿಪ್ಪು ಇಟ್ಟು, ರಿವಾಲ್ವರನ್ನು ನನ್ನ ಕೈಗೆ ಕೊಟ್ಟರು. ಲೋಹದ ತಂಪು ಅಂಗೈಗೆ ತಾಗಿದ್ದೇ, ನಿಜ ಹೇಳುತ್ತೇನೆ, ಬಹಳ ಸುಖವಾಯಿತು. ಮೀಸೆ ಮೊಳೆಯುತ್ತಿರುವಂತೆಯೂ ಅನಿಸಿತು. ಆಮೇಲೆ ಢಂ ಎಂದಿತು. ಗುಡ್ಡ ಅದನ್ನೇ ಇನ್ನೊಮ್ಮೆ ಹೇಳಿತು. ನಾನು ನೆಲದ ಮೇಲೆ ಕೂತಿದ್ದೆ.

"ಗುಂಡು ಎಲ್ಲಿ ಹೋತು ಮಾವಾ?"

"ಅದನ್ನ ನೋಡಾಕ ಕಣ್ಣು ತೆಗೀಬೇಕಲೇ ಅಳಿಯಾ."

ಆದರೂ ಮಾವ ತೀರ್ಪು ಕೊಡಲಿಲ್ಲ. ಆಯುಧದ ವಿಷಯ, ಬಸವಣ್ಣನನ್ನೇ ಕೇಳೋಣ ಎಂದರು. ಅವರ ಓಣಿಯ ಸಣ್ಣ ಗುಡಿಯ ಬಸವಣ್ಣನಿಗೆ ಹೂವಿನ ಪ್ರಸಾದ ಕೇಳುವ ರೂಢಿ. ನೀರಿನಲ್ಲಿ ಅದ್ದಿದ ಹೂವುಗಳನ್ನು ಕಲ್ಲಿನ ಬಸವನ ಎರಡೂ ಮಗ್ಗುಲಿಗೆ ಅಂಟಿಸಿ, ಪ್ರಶ್ನೆಯನ್ನು ಮನಸ್ಸಿನಲ್ಲೇ ಕೇಳಿ ಕಾಯಬೇಕು. ಯಾವ ಮಗ್ಗುಲಿನದು ಮೊದಲು ಬೀಳುತ್ತದೋ ಅದೇ ಉತ್ತರ. ಬಲಕ್ಕೆ ಬಿದ್ದರೆ ಮೂವತ್ತೆರಡು, ಎಡಕ್ಕೆ ಬಿದ್ದರೆ ಇಪ್ಪತ್ತೆರಡು ಎಂದು ನಾನೂ ಮಾವನೂ ಗೊತ್ತು ಮಾಡಿದೆವು. ಹೂವು ಏರಿಸಲು ಗಂಗಾಳಿಗೆ ಹೇಳಿದೆವು. ಅವಳು ಸೆರಗು ಹೊದ್ದು, ಹೂವು ಅಂಟಿಸಿ, ಕಣ್ಣು ಮುಚ್ಚಿ ಕೂತಳು.

ಗುಡಿಯೊಳಗೆ ಎಣ್ಣೆಯ, ವಿಭೂತಿಯ ವಾಸನೆ. ಹೊರಗೆ ಎಲ್ಲೋ ಬಾವಿಯ ರಾಟೆ ಕಿರುಗುಟ್ಟುವ ಸದ್ದು. ನಾನು ಕಂಬಕ್ಕೆ ಒರಗಿದೆ. ಬಸವಣ್ಣ ಮೆಲ್ಲಗೆ ಎದ್ದು, ಕಾಲುವೆಯ ದಂಡೆಯ ಮೇಲೆ ನನ್ನನ್ನು ಹೊತ್ತುಕೊಂಡು ನಡೆಯುತ್ತಿದ್ದ. ಭತ್ತದ ಗದ್ದೆಗಳೆಲ್ಲ ತಲೆಬಾಗಿಸಿದ್ದವು. ಮಾವ ತೊಡೆಗೆ ಚಿವುಟಿದಾಗ ಕಣ್ಣು ಬಿಟ್ಟೆ. ಹೂವು ಎಡಕ್ಕೆ ಬಿದ್ದಿತ್ತು.

"ಇಪ್ಪತ್ತೆರಡು!" ಎಂದೆ. ಅಗ್ಗದ್ದು, ಹಗುರವಾದದ್ದು, ದೇವರೇ ಆರಿಸಿದ್ದು.

ಗಂಗಾ ಬಿದ್ದ ಹೂವನ್ನು ಕಣ್ಣಿಗೊತ್ತಿಕೊಂಡು ಮುಡಿದಳು. "ಇಪ್ಪತ್ತೆರಡು, ಮೂವತ್ತೆರಡು ನಾನು ಕೇಳಿಲ್ರೀ. ಮನಿಗೆ ತರೂದಾದ್ರ ಬಲಕ್ಕ ಕೊಡು, ಬ್ಯಾಡಾದ್ರ ಎಡಕ್ಕ ಕೊಡು ಅಂತ ಕೇಳೀನಿ."

ನಾನು ಮಾವನ ಮುಖ ನೋಡಿದೆ. ಪಲ್ಟನ್ನಿನ ಮನುಷ್ಯ ನನ್ನ ಕಡೆ ನಿಲ್ಲುತ್ತಾರೆಂಬ ಆಸೆ. ಮಾವ ಮೀಸೆ ಸವರಿಕೊಂಡು, "ಹೂವು ಏರಿಸಿದವರ ಮಾತೇ ಖರೆ. ನೀ ಏರಿಸಬೇಕಿತ್ತಲೇ" ಎಂದರು. ನಾನು ಮುಖ ಸಿಂಡರಿಸಿದೆ. ಆದರೆ ಗುಡಿಯ ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದೆ. ಎಷ್ಟು ಹಾಯೆನಿಸಿತೆಂದರೆ, ದಾರಿಯಲ್ಲಿ ಅವಳಿಗೆ ಒಂದು ಮೊಳ ಮಲ್ಲಿಗೆ ಕೊಡಿಸಿದೆ.

ದೇವರ ಮಾತೆಂದ ಮೇಲೆ ಸಾಹುಕಾರರೂ ಸುಮ್ಮನಾದರು. ಚೀಲದ ರಕ್ಷಣೆಗೆ ಗಂಗಾ ಬೇರೆ ಉಪಾಯ ಮಾಡಿದಳು. ಹಣದ ಮೇಲೆ ಒಣಮೆಣಸಿನಕಾಯಿ ತುಂಬಿಸಿದಳು. ಬಸ್ಸಿನಲ್ಲಿ ಅಕ್ಕಪಕ್ಕದವರು ಸೀನಿ ಸೀನಿ ದೂರ ಸರಿಯುತ್ತಿದ್ದರು, ನನಗೆ ಎರಡು ಸೀಟು ಸಿಗುತ್ತಿತ್ತು. ಸದ್ದಿಲ್ಲ, ಅಪಾಯವಿಲ್ಲ, ಖರ್ಚಂತೂ ಇಲ್ಲವೇ ಇಲ್ಲ, ಆಮೇಲೆ ಅದನ್ನೇ ಕುಟ್ಟಿ ಖಾರದಪುಡಿ ಮಾಡುತ್ತಿದ್ದಳು.

ಹೀಗೆ ಅಗಲವಾಗಿ ಕೂತಾಗ ನಿದ್ದೆ ಇನ್ನೂ ಚೆನ್ನಾಗಿ ಬರುತ್ತಿತ್ತು. ಕನಸಿನಲ್ಲಿ ಈಗಲೂ ಮೂವತ್ತೆರಡೇ. ಅಲ್ಲಿ ಗುಂಡು ಪುಕ್ಕಟೆ. ಕಳ್ಳರು ಬರುತ್ತಾರೆ, ರಿವಾಲ್ವರ್ ನಿಧಾನವಾಗಿ ಮೇಲೇಳುತ್ತದೆ, ಢಂ ಎನ್ನುತ್ತದೆ, ಕಳ್ಳರು ಓಡುತ್ತಾರೆ. ಬಹಳ ದಿನ ನಾನು ಇದರ ಬಗ್ಗೆ ಹೆಮ್ಮೆ ಪಟ್ಟುಕೊಂಡಿದ್ದೆ. ಆಮೇಲೊಮ್ಮೆ ಕನಸಿನೊಳಗೇ ಸರಿಯಾಗಿ ನೋಡಿದೆ. ನಾನು ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡು ಕೂತಿದ್ದೆ. ರಿವಾಲ್ವರ್ ಹಿಡಿದ ಕೈಯಲ್ಲಿ ಹಸಿರು ಬಳೆಗಳಿದ್ದವು.