ಗುಂಡಿ ಮುಚ್ಚಿ ಅನುದಾನ ಕೇಳಿದ್ದು

ಸರ್ಕಾರವನ್ನು ಬೈಯುವ ವಿಷಯದಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ತುಮಕೂರಿನಲ್ಲಿ ಸರ್ಕಾರಿ ಗುಮಾಸ್ತನಾದ್ದರಿಂದ ಹಗಲೆಲ್ಲ ಕಚೇರಿಯ ಒಳಗೆ ಕೂತು, ಸಂಜೆ ಶೆಟ್ಟಿಹಳ್ಳಿಯ ಮನೆಯ ಜಗುಲಿಯ ಮೇಲೆ ಕೂತು, ಎರಡೂ ಕಡೆಯಿಂದ ಬೈಯುವ ಅನುಕೂಲ ನನಗಿದೆ. ಆದರೆ ಒಂದು ಮೋರಿಯ ಮಟ್ಟಿಗೆ ಮಾತ್ರ ನಾನು ಸರ್ಕಾರಕ್ಕೆ ಋಣಿ. ಈ ಮಾತನ್ನು ಹೊರಗೆ ಹೇಳುವುದಕ್ಕೆ ಸ್ವಲ್ಪ ನಾಚಿಕೆಯೂ ಆಗುತ್ತದೆ.

ತೊಂಬತ್ತರ ದಶಕದ ಮಾತು. ಗುಬ್ಬಿ ತಾಲ್ಲೂಕಿನ ನನ್ನ ಮಾವನ ಊರಿಗೆ ಬಸ್ಸು ಬರುತ್ತಿರಲಿಲ್ಲ. ಬಸ್ಸು ನಿಲ್ಲುವ ದೊಡ್ಡ ರಸ್ತೆಯಿಂದ ಊರಿನವರೆಗೆ ಮೂರು ಮೈಲಿಯ ಮಣ್ಣುರಸ್ತೆ ಪೂರ್ತಿ ಗುಂಡಿ, ನಡುವೆ ಹಳ್ಳದ ಮೇಲಿನ ಮೋರಿ ಅರ್ಧ ಕುಸಿದಿತ್ತು. ನನ್ನ ನಾದಿನಿ ರತ್ನ ಎಸ್ಸೆಸ್ಸೆಲ್ಸಿ ಪಾಸಾಗಿ ಮನೆಯಲ್ಲಿ ಕೂತಿದ್ದಳು. “ಬಸ್ಸು ಊರೊಳಕ್ಕೆ ಬರ್ಲಿ, ಗುಬ್ಬಿ ಕಾಲೇಜಿಗೆ ಸೇರಿಸ್ತೀನಿ. ಹೆಣ್ಮಗು ಒಂದೇ ಆ ಹಳ್ಳ ದಾಟದು ಬ್ಯಾಡ” ಎಂದು ಮಾವ ಪಟ್ಟು ಹಿಡಿದಿದ್ದರು. ಅಷ್ಟರಲ್ಲಿ ಗ್ರಾಮೀಣ ರಸ್ತೆಗಳಿಗೆ ಅನುದಾನ ಬಂತು, ಆ ಊರಿನ ಅರ್ಜಿ ನನ್ನ ಮೇಜಿಗೇ ಬಂತು. ಇಂಜಿನಿಯರ್ ಸಾಹೇಬರು ರಸ್ತೆಯ ದುಃಸ್ಥಿತಿಯನ್ನು ಕಣ್ಣಾರೆ ಕಂಡು ವರದಿ ಬರೆಯಬೇಕಿತ್ತು, ಅಷ್ಟೆ. ನಾನೋ ದೊಡ್ಡಸ್ತಿಕೆಗೆ ಮಾವನಿಗೊಂದು ಕಾಗದ ಹಾಕಿದೆ: “ಸಾಹೇಬರನ್ನು ಗುರುವಾರ ಕರೆತರುತ್ತಿದ್ದೇನೆ. ಯಾವುದಕ್ಕೂ ಕೊರತೆಯಾಗದಂತೆ ನೋಡಿಕೊಳ್ಳಿ.”

ಅವರು ನೋಡಿಕೊಂಡರು. ಗುರುವಾರ ನಮ್ಮ ಜೀಪು ಒಂದು ಕಡೆಯೂ ಕುಲುಕಲಿಲ್ಲ. ಊರಿನವರೆಲ್ಲ ಸೇರಿ ಗುಂಡಿಗಳಿಗೆ ಮಣ್ಣು ತುಂಬಿ, ನೀರು ಹಾಕಿ ದಿಮ್ಮಸು ಹೊಡೆದಿದ್ದರು. ಮೋರಿಯ ಮೇಲೆ ಚಪ್ಪಡಿ ಹಾಸಿ, ಪಕ್ಕದ ಕಟ್ಟೆಗೆ ಸುಣ್ಣ ಬಳಿದು, ಮಾವಿನ ತೋರಣವನ್ನೂ ಕಟ್ಟಿದ್ದರು. ಕೆಟ್ಟ ರಸ್ತೆ ತೋರಿಸಬೇಕಾದ ದಿನವೇ ಹೀಗೆ! ಮಾವನನ್ನು ಪಕ್ಕಕ್ಕೆ ಕರೆದು ಕೇಳಿದರೆ, “ನೆಂಟ್ರು ಬರೋ ದಾರೀನ ಹಂಗೇ ಬುಡಕ್ಕಾಯ್ತದಾ ಅಳಿಯಂದ್ರೆ?” ಎಂದರು. ಸಾಹೇಬರು ಒಬ್ಬಟ್ಟು ತಿಂದು, ಬೆರಳು ಒರೆಸಿಕೊಂಡು, “ರಸ್ತೆ ತೃಪ್ತಿಕರವಾಗಿದೆ” ಎಂದು ಬರೆಯತೊಡಗಿದರು. ನಾನು, ಅಳಿಯನೂ ಹೌದು ಗುಮಾಸ್ತನೂ ಹೌದು, ಎರಡು ಪಾತ್ರದಲ್ಲೂ ಬಾಯಿ ಬಿಡಲಿಲ್ಲ.

ತುಪ್ಪ ಬಡಿಸುತ್ತಿದ್ದ ರತ್ನ ಬಟ್ಟಲನ್ನು ಕೆಳಗಿಟ್ಟಳು. “ಸಾರ್, ಅದು ನೀವು ಬರ್ತೀರಿ ಅಂತ ಬೆಳಿಗ್ಗೆ ಮುಚ್ಚಿದ್ದು. ಒಳಗೆ ಹೆಂಗದೆ ಅಂತ ತೋರಿಸ್ತೀನಿ ಬನ್ನಿ” ಎಂದು ಗುದ್ದಲಿ ಹಿಡಿದು ಹೊರಟೇಬಿಟ್ಟಳು. ಮಾವನ ಮುಖ ಕಪ್ಪಿಟ್ಟಿತು. ಅವಳು ಮೊದಲ ಗುಂಡಿಯ ಮಣ್ಣನ್ನು ಎತ್ತಿ ಹಾಕುವುದನ್ನು ಸಾಹೇಬರು ನೋಡುತ್ತ ನಿಂತರು. ಸ್ವಲ್ಪ ಹೊತ್ತಿಗೆ ಮಾವನೂ ಪಂಚೆ ಎತ್ತಿಕಟ್ಟಿ, “ಇತ್ಲಾಗೆ ಕೊಡವ್ವ, ಈ ದೊಡ್ಡದು ನಾನು ಮುಚ್ಚಿದ್ದು” ಎಂದು ಗುದ್ದಲಿ ಈಸಿಕೊಂಡರು. ಬೆಳಿಗ್ಗೆ ಮುಚ್ಚಿದ ಊರು ಮಧ್ಯಾಹ್ನ ಅಗೆಯಲು ನಿಂತಿತು. ಸಾಹೇಬರು ಬರೆದ ಹಾಳೆಯನ್ನು ಹರಿದು ಹೊಸದಾಗಿ ಬರೆದರು. ಆ ಪುಣ್ಯಾತ್ಮರನ್ನು ನಾನು ಇವತ್ತಿಗೂ ನೆನೆಯುತ್ತೇನೆ.

ಅನುದಾನ ಬಂತು, ಟಾರು ಬಂತು, ಹಳ್ಳಕ್ಕೆ ಗಟ್ಟಿ ಸೇತುವೆಯೂ ಬಂತು. ಮೊದಲ ಬಸ್ಸಿಗೆ ಪೂಜೆ ಮಾಡಿದ ಬೆಳಿಗ್ಗೆ ರತ್ನ ಕಾಲೇಜಿನ ಪುಸ್ತಕ ಎದೆಗವಚಿಕೊಂಡು ಕಿಟಕಿಯ ಪಕ್ಕ ಕೂತಳು. ನನಗೆ ಕಣ್ಣು ತುಂಬಿ ಬಂತು. ಇದನ್ನೆಲ್ಲ ಮಾಡಿಸಿದವನು ನಾನೇ ಎಂಬ ಠೀವಿಯಲ್ಲಿ, ಬಸ್ಸು ತಿರುವು ದಾಟುವವರೆಗೂ ಕೈಬೀಸುತ್ತ ನಿಂತಿದ್ದೆ.

“ಅಳಿಯಂದ್ರೆ, ನೀವು ಆಫೀಸಿಗೆ ಹೋಗ್ಬೇಕು ಅಂತಿದ್ರಲ್ಲ?” ಎಂದರು ಮಾವ.

ಮುಂದಿನ ಬಸ್ಸು ಸಂಜೆಗೆ. ಮೂರು ಮೈಲಿ ನಡೆದೇ ಹೋದೆ. ಒಂದು ಕಡೆಯೂ ಎಡವಲಿಲ್ಲ ಎನ್ನುವುದನ್ನು ಕೃತಜ್ಞತೆಯಿಂದ ಹೇಳಲೇಬೇಕು.