ಕಾಕಾ ಲೂಟಿ ಮಾಡಿದ ಬಂಗಾರ

ನಮ್ಮ ಕಾಕಾ ಬಂಗಾರ ಲೂಟಿ ಮಾಡಿ, ಅದನ್ನು ಲಕೋಟೆಗೆ ತುಂಬಿ, ಹಾಡುಹಗಲೇ ಟಪಾಲಿನಲ್ಲಿ ಸಾಗಿಸಲು ನೋಡಿದವರು. ಇದು ನಾನು ಕೇಳಿದ ಸುದ್ದಿಯಲ್ಲ, ಕಂಡದ್ದು. ದಸರೆಯ ಮರುದಿನ ಬೆಳಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ, ಮೂಡಲಗಿ ಸೀಮೆಯ ಒಂದು ಅಂಚೆ ಕಚೇರಿಯ ಎರಡನೆಯ ಕಿಟಕಿಯ ಎದುರು, ಕಾಕಾನ ಎಡಗಡೆ, ಅವರ ಮೊಣಕೈ ನನ್ನ ಪಕ್ಕೆಗೆ ತಾಗುವಷ್ಟು ಹತ್ತಿರ ನಿಂತಿದ್ದೆ. ಅಲ್ಲಿನ ಗೋಡೆ ಗಡಿಯಾರ ನಾಲ್ಕು ನಿಮಿಷ ಮುಂದಿತ್ತು; ಅದನ್ನು ಕಳೆದೇ ಹೇಳುತ್ತಿದ್ದೇನೆ. ಊರಿನ ಹೆಸರು ಹೇಳುವುದಿಲ್ಲ. ಆ ಕಚೇರಿಯವರಿಗೆ ನಾವು ಅಂದು ಕೊಟ್ಟ ತೊಂದರೆಯೇ ಸಾಕು.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಆರಡಿ ಎತ್ತರ, ಅದಕ್ಕೆ ತಕ್ಕ ಸಿಟ್ಟು. ಅವರಿಗೆ ಒಬ್ಬಳೇ ಅಕ್ಕ, ಅಂದರೆ ನನ್ನ ಅತ್ತೆ. ಆಕೆಯನ್ನು ಕೊಟ್ಟದ್ದು ಹುಕ್ಕೇರಿಗೆ. ಆ ದಸರೆಗೆ ಒಂಬತ್ತು ವರ್ಷ ಮೊದಲು ಅತ್ತೆಯ ಮಗಳ ಮದುವೆಯ ಪತ್ರಿಕೆ ಅಚ್ಚಾಗಿ ಬಂತು. ಬಸವಣ್ಣನವರನ್ನು ನೆನೆದು, ಮೇಲು ಕೀಳು ಇಲ್ಲ, ಎಲ್ಲರೂ ಸಮಾನರು ಎಂದು ವರ್ಷವಿಡೀ ಹೇಳುವ ಮನೆತನ ನಮ್ಮದು. ಲಗ್ನಪತ್ರಿಕೆ ಅಚ್ಚಾಗುವ ವಾರ ಮಾತ್ರ ಆ ತತ್ವಕ್ಕೆ ರಜೆ. ಕಾಕಾ ಕನ್ನಡಕ ಹಾಕಿ ಮೇಲಿನಿಂದ ಕೆಳಗೆ ಓದಿದರು, ಕನ್ನಡಕ ಒರೆಸಿ ಕೆಳಗಿನಿಂದ ಮೇಲೆ ಓದಿದರು. ಗಂಡಿನ ಕಡೆಯವರ ಟ್ರ್ಯಾಕ್ಟರ್ ಡ್ರೈವರನ ಹೆಸರೂ ಇತ್ತು. ಹೆಣ್ಣಿನ ಸ್ವಂತ ಸೋದರಮಾವನ ಹೆಸರು ಮಾತ್ರ ಕೊನೆಯ ಸಾಲಿನ ‘ಹಾಗೂ ಬಂಧುಬಳಗ’ ಎಂಬುದರೊಳಗೆ ಕರಗಿಹೋಗಿತ್ತು.

ಅಚ್ಚಿನವನ ತಪ್ಪು ಎಂದು ಅತ್ತೆ ಹೇಳಿ ಕಳಿಸಿದಳು. ಕಾಕಾ ಮದುವೆಗೆ ಹೋಗಲಿಲ್ಲ. ಅಂದಿನಿಂದ ಅಕ್ಕನ ಹೆಸರನ್ನು ಬಾಯಿಂದ ತೆಗೆಯಲೂ ಇಲ್ಲ. ಆಕೆ ‘ಹುಕ್ಕೇರಿಯವರು’ ಆದಳು. ಆ ಊರಿನ ಉಳಿದ ಸಾವಿರಾರು ಜನ ಏನಾದರೋ ನನಗೆ ತಿಳಿಯದು.

ನಾನು ಹೇಳುತ್ತಿರುವ ದಸರೆಯ ವರ್ಷ, ಶ್ರಾವಣದಲ್ಲಿ, ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಕಾಕಾ ಕೇಳಿಸಿಕೊಂಡರೂ ಕೇಳಿಸದವರ ಹಾಗೆ ಇದ್ದರು. ಆಮೇಲೆ ಎರಡು ದಿನಕ್ಕೊಮ್ಮೆ ನಮ್ಮ ಮನೆಗೆ ಬಂದು, ಕಬ್ಬಿನ ಮಾತು, ಎಮ್ಮೆಯ ಮಾತು ಮುಗಿಸಿ, ಎದ್ದು ಹೋಗುವಾಗ ಬಾಗಿಲ ಚೌಕಟ್ಟಿಗೆ ಕೇಳುವವರಂತೆ, ಹುಕ್ಕೇರಿಯವರು ಈಗ ನಡೆಯುತ್ತಾರಂತೇನು ಎಂದು ಕೇಳುತ್ತಿದ್ದರು. ಬಾಗಿಲ ಚೌಕಟ್ಟಿನ ಪರವಾಗಿ ನಾನೇ ಉತ್ತರ ಕೊಡುತ್ತಿದ್ದೆ.

ಇನ್ನು ಬಂಗಾರದ ವಿಷಯ. ದಸರೆಯ ಸಂಜೆ ನಮ್ಮ ಕಡೆ ಬನ್ನಿಯ ಎಲೆಗೆ ಬಂಗಾರ ಎನ್ನುತ್ತಾರೆ. ಗಿಡದ ಪೂಜೆ ಆದೊಡನೆ ಜನ ಮುಗಿಬಿದ್ದು ಎಲೆ ಹರಿದುಕೊಳ್ಳುವುದಕ್ಕೆ ಲೂಟಿ ಎನ್ನುತ್ತಾರೆ. ಕಿರಿಯರು ಹಿರಿಯರ ಕೈಯಲ್ಲಿ ಆ ಬಂಗಾರ ಇಟ್ಟು ಕಾಲು ಮುಟ್ಟಿದರೆ ಹಿಂದಿನ ಜಗಳವೆಲ್ಲ ಮಾಫಿ. ಕಾಕಾ ಬಹಳ ಲೆಕ್ಕ ಹಾಕಿ ಒಂದು ದಾರಿ ಕಂಡುಕೊಂಡಿದ್ದರು: ಬಂಗಾರವನ್ನು ಟಪಾಲಿಗೆ ಹಾಕಿದರೆ ಕೊಟ್ಟಂತೆಯೂ ಆಯಿತು, ಕಾಲು ಮುಟ್ಟುವ ಪ್ರಶ್ನೆಯೂ ಇಲ್ಲ. ಹಬ್ಬದ ದಿನಕ್ಕೇ ಮುಟ್ಟುವಂತೆ ಮೊದಲೇ ಕಳಿಸಬಹುದಿತ್ತಲ್ಲ ಎಂದೆ. ಪೂಜೆಗೆ ಮೊದಲು ಅದು ಬಂಗಾರವಲ್ಲ, ಬರೀ ಆಡು ತಿನ್ನುವ ತಪ್ಪಲು ಎಂದು ನನ್ನ ಅಜ್ಞಾನಕ್ಕೆ ಮರುಗಿದರು. ಕಚೇರಿಯ ಮೆಟ್ಟಿಲ ಮೇಲೆ ನಿಂತು ಒಂದು ಮಾತು ಹೇಳಿದರು. ನಗೆಯ ಮಾತಾಗಿರಲಿಲ್ಲ.

“ತಗೊಂಡರ ಚಲೋ. ತಿರುಗಿ ಬಂತಂದ್ರ, ನಾ ಸತ್ತಾಗೂ ಹುಕ್ಕೇರಿಗೆ ಹೇಳಿ ಕಳಸಬ್ಯಾಡ.”

ಒಳಗೆ ಕಾಲಿಡಲು ಜಾಗವಿರಲಿಲ್ಲ. ಹಬ್ಬದ ಸೂಟಿ ಮುಗಿದು ಕಚೇರಿ ತೆರೆದಿತ್ತು, ದೀಪಾವಳಿಯ ಪಾರ್ಸಲ್ಲುಗಳು ಆಗಲೇ ಬರತೊಡಗಿದ್ದವು, ಆಧಾರ್ ಕಾರ್ಡಿನ ತಿದ್ದುಪಡಿಗೆ ಅರ್ಧ ತಾಲೂಕು ಬಂದಿತ್ತು. ಕಾಕಾ ಅತಿ ಉದ್ದದ ಸಾಲು ಆರಿಸಿದರು. ಜನ ಹೆಚ್ಚಿದ್ದಲ್ಲಿ ಕೆಲಸ ಒಳ್ಳೆಯದಾಗುತ್ತದೆ ಎಂಬುದು ಅವರ ನಂಬಿಕೆ. ಮುಕ್ಕಾಲು ತಾಸಿನ ಮೇಲೆ ನಮ್ಮ ಪಾಳಿ ಬಂತು. ಕಿಟಕಿಯವನು ಹೆಬ್ಬೆರಳು ಒತ್ತಿ ಎಂದ, ಒತ್ತಿದರು. ಕಣ್ಣು ಅಗಲಿಸಿ ಎಂದ, ಅಗಲಿಸಿದರು. ಟಪಾಲಿನವರು ಇಷ್ಟು ಬಂದೋಬಸ್ತು ಮಾಡಿದ್ದಾರಲ್ಲ ಎಂದು ನನ್ನ ಕಡೆ ಮೆಚ್ಚುಗೆಯಿಂದ ನೋಡಿದರು. ಹೆಸರಿನಲ್ಲಿ ಏನು ತಿದ್ದಬೇಕು ಎಂದು ಅವನು ಕೇಳಿದಾಗಲೇ ಅದು ಆಧಾರ್ ಸಾಲು ಎಂದು ಗೊತ್ತಾದದ್ದು. ಹೆಸರಿನ ವಿಷಯ ಬಂದರೆ ಕಾಕಾ ಸುಮ್ಮನಿರುವವರೇ? ತಮ್ಮ ಹೆಸರಿನಲ್ಲಿ ತಪ್ಪೇನೂ ಇಲ್ಲ, ಬಿಟ್ಟವರದು ತಪ್ಪು ಎಂದು ಅವನಿಗೆ ವಿವರವಾಗಿ ತಿಳಿಸಿ ಬಂದರು.

ಹೀಗೆ ನಾವು ಎರಡನೆಯ ಕಿಟಕಿಗೆ ಬಂದದ್ದು. ಅಲ್ಲಿ ಕೂತಿದ್ದವಳು ಚಾಮರಾಜನಗರದ ಕಡೆಯ ಹುಡುಗಿ, ಕೆಲಸಕ್ಕೆ ಬಂದು ಇಪ್ಪತ್ತು ದಿನವಾಗಿತ್ತು. ಉಬ್ಬಿದ ಲಕೋಟೆ ನೋಡಿ, ಒಳಗೆ ಏನಿದೆ ಸರ್ ಎಂದಳು.

“ಬಂಗಾರ ಐತ್ರಿ.”

ಆಕೆ ಕೈ ಹಿಂದಕ್ಕೆ ತೆಗೆದಳು. “ಚಿನ್ನ ಹೀಗೆಲ್ಲಾ ಕಳಿಸೋ ಹಾಗಿಲ್ಲ ಸರ್. ಎಷ್ಟು ಗ್ರಾಂ ಇದೆ?”

ಗ್ರಾಮು ಗೀಮು ನೋಡಿಲ್ಲ, ಒಂದು ಹಿಡಿ ಇದೆ ಎಂದರು ಕಾಕಾ. ಬಿಲ್ಲು ಇದೆಯೇ? ಬಂಗಾರಕ್ಕೆ ಬಿಲ್ಲು ಕೇಳಿದವರನ್ನು ಇದೇ ಮೊದಲು ನೋಡಿದೆ ಎಂದರು. ಹಾಗಾದರೆ ಎಲ್ಲಿಂದ ಬಂತು?

“ನಿನ್ನಿ ಸಂಜಿಕ ಊರ ಮಂದಿ ಎಲ್ಲಾ ಕೂಡಿ ಲೂಟಿ ಮಾಡೇವ್ರಿ.”

ಈ ತಪ್ಪೊಪ್ಪಿಗೆಯಲ್ಲಿ ಒಂದು ಅಕ್ಷರವನ್ನೂ ನಾನು ಸೇರಿಸಿಲ್ಲ. ಹುಡುಗಿಯ ಮುಖದ ಬಣ್ಣ ಇಳಿಯಿತು. ನಮ್ಮ ಹಿಂದೆ ನಿಂತಿದ್ದ ಬಾಳವ್ವ ಎಂಬ ಮುದುಕಿ ಸಹಾಯ ಮಾಡುವ ಒಳ್ಳೆಯ ಬುದ್ಧಿಯಿಂದ, ಯಾಕೆ ಅಂಜುತ್ತೀ ತಂಗಿ, ನನ್ನ ಬಳಿಯೂ ಇದೆ ಎಂದು ಸೆರಗಿನ ಗಂಟು ತೋರಿಸಿದಳು. ಅವಳ ಹಿಂದಿನವರು ಜೇಬು ತಟ್ಟಿದರು. ಇಡೀ ಸಾಲೇ ದರೋಡೆಕೋರರದು! ಹುಡುಗಿ ಎದ್ದು ಓಡಿದಳು. ತಿಳಿಸಿ ಹೇಳುವವರು ಒಬ್ಬರೂ ಇರಲಿಲ್ಲ. ಇಂಥ ಮೋಜು ದಿನಾ ಸಿಗುವುದಿಲ್ಲ. ಆ ತಪ್ಪಿತಸ್ಥರ ಪಟ್ಟಿಯಲ್ಲಿ ನನ್ನ ಹೆಸರನ್ನೂ ಸೇರಿಸಿಕೊಳ್ಳಬಹುದು.

ಒಳಗಿನಿಂದ ಪೋಸ್ಟ್ ಮಾಸ್ತರರು ಬಂದರು. ಇದೇ ಸೀಮೆಯವರು. ಒಂದು ನೋಟಕ್ಕೆ ಎಲ್ಲ ಅರ್ಥವಾಗಿ, ತಮ್ಮ ಜೇಬಿನಿಂದ ನಾಲ್ಕು ಒಣಗಿದ ಎಲೆ ತೆಗೆದು ಹುಡುಗಿಯ ಅಂಗೈಯಲ್ಲಿಟ್ಟು, ನಮ್ಮ ಕಡೆ ಬಂಗಾರವೆಂದರೆ ಇದೇ ಎಂದರು. ಆಕೆ ನಕ್ಕಳು. ಸಾಲು ನಕ್ಕಿತು. ಕಾಕಾ ನಗಲಿಲ್ಲ, ಇಷ್ಟು ಹೊತ್ತು ತಾನು ಹೇಳಿದ್ದೇನು ಎಂಬ ಮುಖ ಮಾಡಿದರು.

ಆಕೆ ಕಂಪ್ಯೂಟರಿಗೆ ವಿಳಾಸ ಏರಿಸತೊಡಗಿದಳು. ಅಲ್ಲಿ ಎರಡನೆಯ ತೊಡಕು. ಲಕೋಟೆಯ ಮೇಲೆ ಕಾಕಾ ದುಂಡಗೆ ಬರೆದಿದ್ದರು: ‘ಹಾಗೂ ಬಂಧುಬಳಗ, ಹುಕ್ಕೇರಿ.’

ಒಂಬತ್ತು ವರ್ಷ ಕಾಯಿಸಿದ ಸೇಡು ಅದು. ಬಂಧುಬಳಗ ಅನ್ನೋದು ಅಡ್ಡಹೆಸರಾ ಎಂದು ಆಕೆ ಕೇಳಿದಳು. ಹೆಸರು ಬೇಕೇ ಬೇಕು, ಇಲ್ಲದಿದ್ದರೆ ತಿರುಗಿ ಬರುತ್ತದೆ ಎಂದಳು. ನಾನು ಬಾಯಿ ತೆರೆದೆ. ಕಾಕಾ ಎಡಗೈ ಎತ್ತಿದರು. ಮುಚ್ಚಿದೆ.

ಹೋಗಲಿ, ಮೊಬೈಲ್ ನಂಬರ್ ಹೇಳಿ, ಮೊದಲು ನಿಮ್ಮದು ಎಂದಳು. ಕಾಕಾ ಜೇಬಿನಿಂದ ಸಣ್ಣ ಡೈರಿ ತೆಗೆದು, ಕನ್ನಡಕ ಏರಿಸಿ, ಬೆರಳಿಟ್ಟು, ತಮ್ಮದೇ ನಂಬರನ್ನು ಎರಡು ಸಲ ತಪ್ಪಾಗಿ ಓದಿ ಮೂರನೆಯ ಸಲ ಸರಿಯಾಗಿ ಓದಿದರು. ಡೈರಿ ಮುಚ್ಚಿ ಜೇಬಿಗಿಟ್ಟರು. ಅವರದು ಎಂದು ಆಕೆ ಕೇಳಿದಳು.

ಕಾಕಾ ಹತ್ತು ಅಂಕಿಗಳನ್ನು ಒಂದೇ ಉಸಿರಿಗೆ ಹೇಳಿದರು. ಡೈರಿಯಿಲ್ಲ, ಕನ್ನಡಕ ಹಣೆಯ ಮೇಲೆ, ಕಣ್ಣು ಎದುರಿನ ಗೋಡೆಯ ಮೇಲೆ. ಆ ನಂಬರು ಅತ್ತೆ ತೆಗೆದುಕೊಂಡದ್ದು ಮಗಳ ಮದುವೆಯ ನಂತರ. ನಾನು ಅವರಿಗೆ ಕೊಟ್ಟಿರಲಿಲ್ಲ. ಅವರು ಒಮ್ಮೆಯೂ ಫೋನು ಮಾಡಿದವರಲ್ಲ. ಎಲ್ಲಿಂದ ಪಡೆದರು, ಎಷ್ಟು ಸಲ ಮನಸ್ಸಿನಲ್ಲೇ ಒತ್ತಿದ್ದರು?

ಹೆಸರನ್ನು ಅವರನ್ನೇ ಕೇಳುತ್ತೇನೆ ಎಂದು ಹುಡುಗಿ ಯಾರೂ ತಡೆಯುವುದರೊಳಗೆ ತನ್ನ ಮೊಬೈಲಿನಿಂದ ಕರೆ ಮಾಡಿ, ಸ್ಪೀಕರ್ ಹಾಕಿ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಹೊಸದಾಗಿ ಕಲಿತ ಪದದ ಉತ್ಸಾಹ ಬೇರೆ. ಪೋಸ್ಟ್ ಆಫೀಸಿನಿಂದ ಅಮ್ಮ, ನಿಮಗೆ ಬಂಗಾರ ಬಂದಿದೆ, ನಿಮ್ಮ ಪೂರ್ತಿ ಹೆಸರು ಹೇಳಿ ಎಂದಳು.

ಅತ್ತೆ ಅಂಥ ಕರೆಗಳಿಗೆ ಪಳಗಿದವಳು. “ಮೊನ್ನಿ ಲಾಟ್ರಿ ಹತ್ತೇತಿ ಅಂದ್ರಿ. ಇವತ್ತ ಬಂಗಾರ. ನಾಳಿ ಒಂದ ವಿಮಾನ ಕಳಸ್ರಿ, ಕಾಲ ಮುರದೇತಿ, ಅಡ್ಡಾಡಾಕ ಆಗತೈತಿ.”

ಸಾಲೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಫೋನು ಇಡುವ ಸದ್ದು ಬರುವ ಮೊದಲೇ ಕಾಕಾ ಕಿಟಕಿಗೆ ಬಗ್ಗಿದರು.

“ಅಕ್ಕಾ, ಇಡಬ್ಯಾಡ. ನಾ ಅದೇನಿ.”

ಅತ್ತೆ ಮೂಗು ಒರೆಸಿಕೊಂಡದ್ದು ಎಲ್ಲರಿಗೂ ಕೇಳಿಸಿತು.

“ಯಾಕೋ, ಹುಕ್ಕೇರಿಗೆ ಬಸ್ ಬಂದ್ ಆಗ್ಯಾವೇನು?”

“ಇಲ್ಲ.”

“ಮತ್ತ?”

“ಹೊಂಟೆ,” ಎಂದರು ಕಾಕಾ.

ಹುಡುಗಿ ಲಕೋಟೆಯನ್ನು ಕಿಟಕಿಯಿಂದ ಹೊರಕ್ಕೆ ಜರುಗಿಸಿದಳು. ಸಾಲು ತಾನಾಗಿ ಸರಿದು ದಾರಿ ಬಿಟ್ಟಿತು. ಗೋಕಾಕದ ಬಸ್ಸು ಹಿಡಿದು, ಅಲ್ಲಿ ಇಳಿದು ಹುಕ್ಕೇರಿಯ ಬಸ್ಸು ಹಿಡಿದೆವು. ಲಕೋಟೆ ದಾರಿಯುದ್ದಕ್ಕೂ ಅವರ ಅಂಗೈಯಲ್ಲೇ ಇತ್ತು.

ಕಾಕಾ ಹೋದ ಯುಗಾದಿಯ ಹೊತ್ತಿಗೆ ತೀರಿಕೊಂಡರು. ಜೀವಮಾನದಲ್ಲಿ ಯಾರ ಮುಂದೆಯೂ ತಲೆ ಬಾಗಿಸದ ಮನುಷ್ಯ ಎಂದು ಊರವರು ಹೊಗಳಿದರು. ನಾನು ಕಂಡದ್ದು ಬೇರೆ. ಆ ಕಿಟಕಿಯ ಕಟ್ಟೆ ನನ್ನ ಎದೆಯ ಮಟ್ಟಕ್ಕೂ ಬರುವುದಿಲ್ಲ. ಅದರ ಮೇಲಿಟ್ಟ ಫೋನಿಗೆ ಬಾಯಿ ಹಚ್ಚಬೇಕಾದರೆ ಆರಡಿಯ ಮನುಷ್ಯ ಸೊಂಟದಿಂದ ಬಗ್ಗಬೇಕು. ಕಾಕಾ ಬಗ್ಗಿದರು, ಮಾತು ಮುಗಿದ ಮೇಲೂ ಸ್ವಲ್ಪ ಹೊತ್ತು ಹಾಗೆಯೇ ಇದ್ದರು. ನಂಬದವರು ಕೇಳಿ ನೋಡಬಹುದು. ಪೋಸ್ಟ್ ಮಾಸ್ತರರು ನಿವೃತ್ತರಾಗಿ ಕೌಜಲಗಿಯಲ್ಲಿದ್ದಾರೆ. ಹುಡುಗಿ ವರ್ಗವಾಗಿ ತನ್ನ ಊರ ಕಡೆ ಹೋದಳು. ಬಾಳವ್ವ ಕುಲಗೋಡದಲ್ಲಿದ್ದಾಳೆ, ಕಿವಿ ಮಂದ, ಕಣ್ಣು ಚುರುಕು. ಕಣ್ಣಿಂದ ನೋಡದಿದ್ದರೂ ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು ಒಬ್ಬಳಿದ್ದಾಳೆ, ಹುಕ್ಕೇರಿಯಲ್ಲಿ. ಹೆಸರು ನೀಲವ್ವ.